ಅಂಜಿಕೆ ಗೋಡೆ

ಜೂನ್ 12

ಹೊಳೆ ಕೆಳಗಿದೆ. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿ ಕೇಳಿದೆ. "ತಳದಾಗಿನ ಕಲ್ಲು ಕಾಣಾಕತ್ತಾವು, ಸುಮ್ಮನಿರು" ಎಂದ.

ನಮ್ಮ ಕೆರೂರಿನ ಸಾಲೆಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೆಡ್‌ಮಾಸ್ತರು ಕರೆದರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಎಂಜಿನಿಯರಿಂಗ್ ಕಾಲೇಜಿನವರು ಹೊಳೆದಂಡೆಯ ಜನರನ್ನೂ ತಮ್ಮ ಮೇಷ್ಟ್ರುಗಳನ್ನೂ ಒಟ್ಟಿಗೆ ಕೂರಿಸುತ್ತಾರಂತೆ. ಪ್ರವಾಹ ಬಂದಾಗ ಹೇಗೆ ಪಾರಾಗಬೇಕು, ಇಳಿದ ಮೇಲೆ ಹೇಗೆ ಎದ್ದು ನಿಲ್ಲಬೇಕು ಎಂದು ಹೊಸ ಉಪಾಯ ಹುಡುಕುವುದು ಕೆಲಸ. ಮೊದಲು ಆರಿಸಿಕೊಂಡ ಊರು ಹುನಗುಂದ ತಾಲ್ಲೂಕಿನ ಮುತ್ತಲಹಾಳ. ನನ್ನ ತವರು.

"ಆ ಊರ ನೀರು ಕಂಡೋರು ನಮ್ಮ ಸಾಲ್ಯಾಗ ನೀವೊಬ್ಬರ. ನೀವ ಹೋಗ್ರಿ" ಎಂದರು.

ಕಂಡದ್ದು ನಿಜ. 2019ರಲ್ಲಿ ನಾಗರ ಪಂಚಮಿಗೆ ತವರಿಗೆ ಹೋದವಳು ಹಬ್ಬ ಮುಗಿಸಿ ಇನ್ನೇನು ಹೊರಡಬೇಕು ಎನ್ನುವಾಗ ಮಲಪ್ರಭೆ ಊರೊಳಗೆ ಬಂತು. ಮೂರು ವರ್ಷದ ರಾಜಶ್ರೀಯನ್ನು ಸೀರೆಯ ಸೆರಗಿನಿಂದ ಎದೆಗೆ ಕಟ್ಟಿಕೊಂಡು ಮಾಳಿಗೆಯ ಮೇಲೆ ಕೂತಿದ್ದೆ. ಕೆಳಗೆ ಗೋಡೆಗಳು ಒಂದೊಂದಾಗಿ ಕುಸಿಯುವ ಸದ್ದು. ಅದಾದ ಮೇಲೆ ಮಗಳನ್ನು ಆ ಊರಿಗೆ ಕರೆದೊಯ್ದಿಲ್ಲ. ನಾನೊಬ್ಬಳೇ ಹೋಗುತ್ತೇನೆ, ಅದೂ ಬೇಸಿಗೆಯಲ್ಲಿ. ಬೆಳಿಗ್ಗೆ ಹೋಗಿ ಸಂಜೆಗೆ ವಾಪಸು. ಸೇತುವೆ ಬಂದಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಒಲ್ಲೆ ಎನ್ನಬೇಕಿತ್ತು. ಹ್ಞೂಂ ಎಂದು ತಲೆ ಆಡಿಸಿ ಬಂದೆ.

ಜೂನ್ 19

ಹೊಳೆ ಕೆಳಗಿದೆ.

ಇಂದು ವಿದ್ಯಾಗಿರಿಯಲ್ಲಿ ಮೊದಲ ಸಭೆ. ಉದ್ದನೆಯ ಮೇಜು, ಚಹಾ, ಬಣ್ಣಬಣ್ಣದ ಅಂಟುಚೀಟಿ. ನಡೆಸಿದವರು ಎಲೆಕ್ಟ್ರಾನಿಕ್ಸ್ ಕಲಿಸುವ ಶಿರೀಷ ಸರ್. ಊರಿನಿಂದ ಬಂದವರಲ್ಲಿ ನನಗೆ ಗೊತ್ತಿದ್ದವರು ಇಬ್ಬರು: ಆಶಾ ಕಾರ್ಯಕರ್ತೆ ಲಾಡಬಿ, ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಕನಕಪ್ಪ. ಕನಕಪ್ಪ ನಮ್ಮಣ್ಣನ ಗೆಳೆಯ, ನನ್ನನ್ನು ಚಿಕ್ಕಂದಿನಿಂದ "ತಂಗೀ" ಎಂದೇ ಕರೆಯುವುದು.

ಸರ್ ಒಂದೇ ಷರತ್ತು ಹಾಕಿದರು. "ಎಷ್ಟು ಹುಚ್ಚು ವಿಚಾರ ಇದ್ರೂ ನಡೀತದ. ಚೀಟಿ ಬರದು ಗೋಡೆಗೆ ಹಚ್ರಿ. ಊಟದ ತನಕ ಯಾರೂ 'ಆಗೂದಿಲ್ಲ' ಅನ್ನಬಾರದು. ಅಂದೋರು ಎಲ್ಲಾರ ಚಹಾದ ಕಪ್ಪು ತೊಳೀಬೇಕು."

ಚೀಟಿಗಳು ಏರಿದವು. ಡ್ರೋನಿನಲ್ಲಿ ಔಷಧ. ಮನೆಯ ಮಂಚಕ್ಕೇ ಡಬ್ಬಿ ಕಟ್ಟಿ ತೇಲಿಸುವುದು. ಟ್ರ್ಯಾಕ್ಟರಿನ ಹಿಂಗಾಲಿಯ ಟ್ಯೂಬಿನ ದೋಣಿ, ಇದು ಕನಕಪ್ಪನದು. ಎಲ್ಲರ ಮೊಬೈಲಿಗೂ ಎಚ್ಚರಿಕೆಯ ಆ್ಯಪ್.

ಲಾಡಬಿ ಕೈ ಎತ್ತಿದಳು. "ಸರ್, ನನ್ನ ಮೊಬೈಲ್ ದಿನಾ ಮೊಮ್ಮಗನ ಕೈಯಾಗ ಇರ್ತೈತಿ. ಹೊಳಿ ಬಂತು ಅಂತ ಆ್ಯಪ್ ಒದರಿದ್ರ ಅಂವ ಅದನ್ನ ಒತ್ತಿ ಕಾರ್ಟೂನ್ ಹಚ್ಚತಾನ. ಹಿಂಗಂದ್ರ ಕಪ್ಪು ತೊಳೀಬೇಕೇನ್ರಿ?"

"ಇಲ್ಲವ್ವಾ, ನೀ ಆಗೂದಿಲ್ಲ ಅನ್ಲಿಲ್ಲ. ಯಾಕ ಆಗೂದಿಲ್ಲ ಅಂತ ಹೇಳಿದಿ" ಎಂದು ಸರ್ ನಕ್ಕರು.

ನಾನು ಒಂದು ಚೀಟಿಯನ್ನೂ ಬರೆಯಲಿಲ್ಲ. ಯಾರು ಏನು ಹೇಳಿದರೂ ಅದು ನೀರಿನಲ್ಲಿ ಮುಳುಗುವುದೇ ಕಣ್ಣಿಗೆ ಕಟ್ಟುತ್ತಿತ್ತು. ಬಾಯಿ ತಪ್ಪಿ ಮತ್ತೆ ಮತ್ತೆ "ಆಗೂದಿಲ್ಲ" ಎಂದೆ. ಎಲ್ಲ ಕಪ್ಪು ನಾನೇ ತೊಳೆದೆ.

"ತಂಗೀ, ಹಿಂಗ ತೊಳಕೋತ ಹೋದ್ರ ನಿನ್ನ ಇಲ್ಲೇ ಕ್ಯಾಂಟೀನಿಗೆ ಇಟ್ಕೋತಾರ ನೋಡು" ಎಂದ ಕನಕಪ್ಪ. ಎಲ್ಲರೂ ನಕ್ಕರು. ನಾನು ಮುಂದಿನ ಕಪ್ಪು ಎತ್ತಿಕೊಂಡೆ.

ಜೂನ್ 26

ಹೊಳೆ ಕೆಳಗಿದೆ. ಮೇಲೆ ಖಾನಾಪುರದ ಕಡೆ ಮಳೆ ಹಿಡಿದಿದೆ ಎಂದು ಪೇಪರಿನಲ್ಲಿ ಓದಿದೆ.

ಸಭೆಗೆ ಇನ್ನು ಬರುವುದಿಲ್ಲ ಎಂದು ಹೇಳಲೆಂದೇ ಹೋದೆ. ಶಿರೀಷ ಸರ್ ಕೇಳಿಸಿಕೊಂಡು, ಕಿಟಕಿ ಕಡೆಯ ಇಡೀ ಗೋಡೆ ತೋರಿಸಿದರು. ಬರಿದಾಗಿತ್ತು.

"ಮೇಡಂ, ನೀವು ಅಂಜೂದು ಬಿಡಬ್ಯಾಡ್ರಿ. ಇಲ್ಲಿ ಬರೀರಿ. ನಾವು ಮೊದಲ ಉಪಾಯ ಬರದು ತಪ್ಪು ಮಾಡಿದ್ವಿ. ಮೊದಲ ಅಂಜಿಕಿ ಬರೀಬೇಕು. ಒಂದೊಂದು ಅಂಜಿಕಿಗೆ ಒಂದೊಂದು ಉಪಾಯ."

ನಾಚಿಕೆಯಾಯಿತು, ಆದರೂ ಬರೆದೆ. ಊರು ಮುಳುಗುವ ಮೊದಲೇ ದಿಬ್ಬದ ಸಾಲೆಗೆ ಹೋಗುವ ರಸ್ತೆ ಮುಳುಗುತ್ತದೆ. ಮುಳುಗಿದ ರಸ್ತೆಯ ಅಂಚು ಕಾಣದೆ ಟ್ರ್ಯಾಕ್ಟರು ತಗ್ಗಿಗೆ ಬೀಳುತ್ತದೆ. ಕರೆಂಟು ಹೋಗುತ್ತದೆ, ಕೂಗಿದ್ದು ಕೇಳುವುದಿಲ್ಲ. ಖಾಲಿ ಮನೆಯ ಬಾಗಿಲು ಬಡಿಯುತ್ತ ಹೊತ್ತು ಹೋಗುತ್ತದೆ, ಅಷ್ಟರಲ್ಲಿ ಜನ ಇರುವ ಮನೆ ಬೀಳುತ್ತದೆ. ದನ ಕಟ್ಟಿದ ಹಗ್ಗದಲ್ಲೇ ಸಾಯುತ್ತವೆ. ನೀರು ಇಳಿದ ಮೇಲೆ ಒಲೆ ಹತ್ತುವುದಿಲ್ಲ, ಮಕ್ಕಳು ಹಸಿದಿರುತ್ತವೆ.

ಬರೆಯುತ್ತ ಬರೆಯುತ್ತ ಚೀಟಿ ಮುಗಿದವು, ಇನ್ನೊಂದು ಕಟ್ಟು ತರಿಸಿದರು. "ಗೋಡಿ ಸಾಲೂದಿಲ್ರೀ ಸರ್, ನಮ್ಮ ತಂಗಿಗೆ ಕಂಪೌಂಡ ಕಟ್ಟಸ್ರಿ" ಎಂದ ಕನಕಪ್ಪ.

ಸಂಜೆಯ ಹೊತ್ತಿಗೆ ಒಂದೊಂದರ ಕೆಳಗೂ ಉಪಾಯದ ಚೀಟಿ ಬಿದ್ದಿತ್ತು. ಮೇಲಿನ ಸೇತುವೆಗೆ ಸರ್ ಒಂದು ಯಂತ್ರ ಕೂರಿಸುತ್ತಾರೆ. ನೀರು ಗುರುತು ಮುಟ್ಟಿದರೆ ಊರಿನ ಧ್ವನಿವರ್ಧಕ ಬ್ಯಾಟರಿಯ ಮೇಲೆ ತಾನೇ ಕೂಗುತ್ತದೆ. ರಸ್ತೆಯ ಎರಡೂ ಅಂಚಿಗೆ ಕೆಂಪು ಬಿಳಿ ಬಣ್ಣದ ಎತ್ತರದ ಕಂಬ. ಮನೆ ಖಾಲಿ ಮಾಡಿದವರು ಬಾಗಿಲಿಗೆ ಬಣ್ಣದ ಬಟ್ಟೆ ಕಟ್ಟಿ ಹೊರಡಬೇಕು. ಬಟ್ಟೆ ಕಂಡ ಮನೆಯಲ್ಲಿ ಯಾರೂ ಇಲ್ಲ ಎಂದರ್ಥ. ಕನಕಪ್ಪನ ಟ್ಯೂಬು ಗಾಳಿ ತುಂಬಿಕೊಂಡು ಟ್ರಾಲಿಯಲ್ಲೇ ಇರಬೇಕು. ದನಗಳನ್ನು ಹಗ್ಗ ಬಿಚ್ಚಿ ಬಿಡಬೇಕು. ಸಾಲೆಯಲ್ಲಿ ಮೊದಲೇ ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಹಿಂಡಿ ಕೂಡಿಡಬೇಕು.

ಬರುವುದಿಲ್ಲ ಎಂದು ಹೇಳುವುದು ಉಳಿದೇಹೋಯಿತು.

ಜುಲೈ 5

ಹೊಳೆ ಸ್ವಲ್ಪ ಏರಿದೆ.

ಲಾಡಬಿಯ ಜೊತೆ ಇಳಕಲ್ಲಿಗೆ ಹೋಗಿದ್ದೆ. ಅವಳ ನೆಂಟ ಅಬ್ದುಲಸಾಬ ಕೈಮಗ್ಗ ನಡೆಸುತ್ತಾನೆ. ಮಗ್ಗದಲ್ಲಿ ಉಳಿದ ತುಂಡು ಬಟ್ಟೆ, ಕೆಂಪು ಸೆರಗಿನ ಚೂರು, ಎಲ್ಲ ಸೇರಿಸಿ ಎರಡು ಚೀಲ ಕೊಟ್ಟ. ದುಡ್ಡು ಮುಟ್ಟಲಿಲ್ಲ. "ಸೀರಿ ಉಡೋರ ಮನಿಗೆ ಹೊಂಟಾವಲ್ಲ, ಸಾಕ್ರಿ" ಎಂದ.

ಲಾಡಬಿ ಮನೆಮನೆಗೆ ಹೋಗಿ "ನಿಮ್ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದು ಕೇಳಿಕೊಂಡು ಬಂದಿದ್ದಾಳೆ. ಕೆಳಗಿನ ಓಣಿ ಎರಡು ಟ್ರಾಲಿಯಲ್ಲಿ ಮುಗಿಯುತ್ತದೆ. ಇಡೀ ಊರು ರಸ್ತೆ ಮುಳುಗುವ ಮೊದಲು ಮುಗಿಯುತ್ತದೆ. ಕಾಗದದ ಮೇಲೆ.

ಜುಲೈ 13

ಹೊಳೆ ಅಷ್ಟೇ ಇದೆ. ಸೇತುವೆಯ ಮೇಲೆ ಬಸ್ಸು ಕೆಟ್ಟು ನಿಂತಿತ್ತು. ಇಳಿದು ಕೈಗಂಬಿ ಹಿಡಿದು ದಾಟಿದೆ. ಕೆಳಗೆ ನೋಡಲಿಲ್ಲ.

ಇಂದು ಊರಿನಲ್ಲಿ ತಾಲೀಮು. ಧ್ವನಿವರ್ಧಕ ಕೂಗಿತು. ಆ ಸದ್ದಿಗೆ ನಾನು ಗುಡಿಯ ಹಿಂದೆ ಹೋಗಿ ವಾಂತಿ ಮಾಡಿ ಬಂದೆ. ಯಾರೂ ನೋಡಲಿಲ್ಲ. ಕೆಳಗಿನ ಓಣಿಯವರು ಬಾಗಿಲಿಗೆ ಬಟ್ಟೆ ಕಟ್ಟಿ ಟ್ರಾಲಿ ಹತ್ತಿದರು. ಎರಡೇ ಸಲಕ್ಕೆ ಓಣಿ ಖಾಲಿಯಾಯಿತು. ಶಿರೀಷ ಸರ್ ಚಪ್ಪಾಳೆ ಹೊಡೆದರು.

ನನ್ನ ಕೆಲಸ ದಿಬ್ಬದ ಸಾಲೆಯಲ್ಲಿ ನಿಂತು ಬಂದವರನ್ನು ಇಳಿಸಿಕೊಳ್ಳುವುದು. ಅವ್ವ ಕೊನೆಯ ಟ್ರಾಲಿಯಲ್ಲಿ ಬಂದಳು, ಕೈಯಲ್ಲಿ ಎಮ್ಮೆಯ ಹಗ್ಗ ಮಾತ್ರ. "ಖರೆ ಹೊಳಿ ಬಂದಾಗ ಎಮ್ಮಿ ತರ್ತೇನಿ, ಇವತ್ತು ಬರೇ ಹಗ್ಗ ತಂದೇನಿ. ಇದಕ್ಕೂ ಚೀಟಿ ಹಚ್ಚತೀಯೇನು?" ಎಂದಳು. ಅವ್ವನ ಮಾತಿಗೆ ಸಾಲೆಯ ತುಂಬ ನಗೆ.

ಎಲ್ಲವೂ ಸರಿಯಾಗಿ ನಡೆಯಿತು. ಏನೋ ಒಂದು ಬಿಟ್ಟಿದ್ದೇವೆ ಎನಿಸುತ್ತಿದೆ. ಗೋಡೆಯ ಫೋಟೋ ತೆಗೆದುಕೊಂಡು ಬಂದಿದ್ದೆ, ಒಂದೊಂದೇ ಚೀಟಿ ಓದಿದೆ. ಏನೂ ಬಿಟ್ಟಿಲ್ಲ. ಇದು ನನ್ನ ಸ್ವಭಾವ, ಅಷ್ಟೇ.

ಜುಲೈ 20

ಹೊಳೆ ಏರಿ ಇಳಿದಿದೆ.

ಅಣ್ಣ ಪಾಂಡಪ್ಪ ಪಂಚಮಿಗೆ ಕರೆಯಲು ಬಂದಿದ್ದ. ಪ್ರತಿ ವರ್ಷ ಬರುತ್ತಾನೆ, ಚಹಾ ಕುಡಿಯುತ್ತಾನೆ, ಒಬ್ಬನೇ ಹೋಗುತ್ತಾನೆ. ಹಬ್ಬ ಮುಗಿದ ಮೇಲೆ ಅವ್ವನೇ ಉಂಡಿಯ ಡಬ್ಬಿ ಹೊತ್ತು ಕೆರೂರಿಗೆ ಬರುತ್ತಾಳೆ.

ಈ ಸಲ ಅವನು ಚಹಾದ ಕಪ್ಪು ಕೆಳಗಿಟ್ಟು ಹೇಳಿದ: "ಇಡೀ ಊರಿಗೆ ಅಂಜಬ್ಯಾಡ್ರಿ, ಎಲ್ಲಾ ತಯಾರ ಐತಿ ಅಂತ ಹೇಳಿ ಬಂದಿ. ಮತ್ತ ನಿನ್ನ ಮಗಳ್ನ ಕಳಸಾಕ ನಿನಗ ಧೈರ್ಯ ಇಲ್ಲಂದ್ರ, ಊರಾಗಿನವರು ನಿನ್ನ ಮಾತು ಹೆಂಗ ನಂಬಬೇಕು?"

ರಾಜಶ್ರೀ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳಿಗೆ ಈಗ ಒಂಬತ್ತು. "ಮಾಮಾ, ಜೋಕಾಲಿ ಎಷ್ಟು ಎತ್ತರ ಕಟ್ಟತೀರಿ?" ಎಂದಳು.

"ಹಳ್ಳದಾಚೆ ಹುಣಸಿಮರಕ್ಕ. ಎರಡು ಜೋಕಾಲಿ. ಮ್ಯಾಲ ಹೋದ್ರ ನಮ್ಮ ಮನಿ ಮಾಳಗಿ ಕಾಣ್ತೈತಿ."

ನಮ್ಮ ಮನೆಯವರು ನನ್ನ ಮುಖ ನೋಡಿದರು. ಅವರು ಯಾವತ್ತೂ ಬಲವಂತ ಮಾಡಿದವರಲ್ಲ. ಒಪ್ಪಿದೆ.

ಜುಲೈ 24

ಹೊಳೆ ಏರುತ್ತಿದೆ. ಮೇಲೆ ಮಳೆ ನಿಂತಿಲ್ಲ. ಹೊಳೆಗೆ ಬಂದು ಸೇರುವ ಬೆಣ್ಣಿಹಳ್ಳ ತುಂಬಿದೆಯಂತೆ. ಅಣ್ಣನಿಗೆ ದಿನಕ್ಕೆ ಹಲವು ಸಲ ಫೋನ್. "ನೀ ಹಿಂಗ ಕೇಳಿದ್ರ ಹೊಳೀಗೂ ಸಿಟ್ಟು ಬರ್ತೈತಿ" ಎಂದ.

ಬ್ಯಾಗು ಕಟ್ಟಿದೆ, ಬಿಚ್ಚಿದೆ. ರಾಜಶ್ರೀ ಮತ್ತೆ ಕಟ್ಟಿದ್ದಾಳೆ.

ಜುಲೈ 27

ತವರಿನಲ್ಲಿದ್ದೇನೆ. ಹೊಳೆ ಇಳಿದಿದೆ, ಗುರುತಿಗಿಂತ ಬಹಳ ಕೆಳಗೆ. ನಾನೇ ಹೋಗಿ ನೋಡಿ ಬಂದೆ, ದೂರದಿಂದ.

ಇಂದು ಪಂಚಮಿಯ ರೊಟ್ಟಿ ಹಬ್ಬ. ಅವ್ವ, ಅಣ್ಣನ ಹೆಂಡತಿ ವೈನಿ ಬೆಳಗಿನಿಂದ ಒಲೆಯ ಮುಂದೆ. ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಮಡಕೆಕಾಳು. ಓಣಿಯ ತುಂಬ ಹೊಸ ಸೀರೆಗಳು. ಯಾರ ಮನೆ ನೋಡಿದರೂ ತವರಿಗೆ ಬಂದ ಹೆಣ್ಣುಮಕ್ಕಳು, ಅವರ ಮಕ್ಕಳು. ಲಾಡಬಿಯ ಮಗಳೂ ಎದೆಗೂಸು ಎತ್ತಿಕೊಂಡು ಬಂದಿದ್ದಾಳೆ. ಜೋಕಾಲಿ ಅವಳನ್ನೂ ಬಿಡುವುದಿಲ್ಲ. ಇಷ್ಟು ಗಲಗಲ ನಮ್ಮ ಓಣಿಯಲ್ಲಿ ನಾನು ಕೇಳಿ ವರ್ಷಗಳಾದವು.

ರಾಜಶ್ರೀ ಒಂದು ಗಳಿಗೆಯೂ ಕಣ್ಣಿಗೆ ಬೀಳಲಿಲ್ಲ. ಊಟಕ್ಕೆ ಕೂಗಿದರೆ ಯಾವುದೋ ಮನೆಯಲ್ಲಿ ಉಂಡು ಬಂದಿದ್ದಳು.

ಜುಲೈ 28

ನಾಗಪ್ಪನಿಗೆ ಹಾಲೆರೆದೆವು. ಹೊಳೆ ಕೆಳಗಿದೆ. ಬಿಸಿಲು. ಅಂಜಿಕೆ ಕಡಿಮೆಯಾಗಿಲ್ಲ, ಆದರೆ ಹಸಿವಾಗಿತ್ತು, ಚೆನ್ನಾಗಿ ಉಂಡೆ.

ಜುಲೈ 30

ದಿಬ್ಬದ ಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ನಿನ್ನೆ ಪಂಚಮಿ. ಮಧ್ಯಾಹ್ನ ಉಂಡು ಕೈ ತೊಳೆಯುತ್ತಿದ್ದೆ. ಆಕಾಶ ನೀಲಿಯಾಗಿತ್ತು, ಒಂದು ಹನಿಯೂ ಇಲ್ಲ. ಧ್ವನಿವರ್ಧಕ ಕೂಗಿತು. ಹಬ್ಬದ ದಿನ ಯಾರೋ ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡೆ. ಆಗಲೇ ಶಿರೀಷ ಸರ್ ವಿದ್ಯಾಗಿರಿಯಿಂದ ಫೋನ್ ಮಾಡಿದರು. "ಮೇಡಂ, ಗುರುತು ದಾಟೇದ. ಭಾಳ ಜೋರ್ ಏರಲಿಕ್ಕತ್ತದ. ಇದು ತಾಲೀಮಲ್ಲ."

ಕಾಲುಗಳಿಗೆ ತಮ್ಮ ಕೆಲಸ ಗೊತ್ತಿತ್ತು. ದಿಬ್ಬಕ್ಕೆ ಹೋಗುವ ಮೊದಲ ಟ್ರಾಲಿ ಹತ್ತಿದೆ. ರಾಜಶ್ರೀ ಅವ್ವನ ಜೊತೆ ಇದ್ದಾಳೆ, ಕೊನೆಯ ಟ್ರಾಲಿಯಲ್ಲಿ ಬರುತ್ತಾಳೆ ಎಂದು ತಿಳಿದೆ. ನಮ್ಮ ಮನೆಯ ಸರದಿ ಕೊನೆಯದು.

ಯಂತ್ರ ಕೆಲಸ ಮಾಡಿತು. ಕಂಬಗಳು ಕೆಲಸ ಮಾಡಿದವು. ರಸ್ತೆಯ ಮೇಲೆ ನೀರು ಹರಿದಾಗಲೂ ಕನಕಪ್ಪ ಎರಡು ಸಾಲು ಕಂಬದ ನಡುವೆ ಗೆರೆ ಎಳೆದ ಹಾಗೆ ಬಂದ. ಜನ ಬಾಗಿಲಿಗೆ ಬಟ್ಟೆ ಕಟ್ಟಿ ಹೊರಟರು. ಆದರೆ ಎರಡು ಟ್ರಾಲಿಗೆ ಮುಗಿಯಬೇಕಿದ್ದ ಓಣಿ ಮೂರಕ್ಕೂ ಮುಗಿಯಲಿಲ್ಲ. ಇಷ್ಟು ಜನ ಎಲ್ಲಿಂದ ಬಂದರು ಎಂದು ನನಗೆ ನಾನೇ ಕೇಳಿಕೊಂಡೆ. ಮುಂದಿನವರನ್ನು ಇಳಿಸಿಕೊಂಡೆ.

ಕನಕಪ್ಪ ಕೊನೆಯ ಟ್ರಾಲಿ ತಂದು ನಿಲ್ಲಿಸಿದ. "ಎಲ್ಲಾ ಬಾಗಲಕ್ಕೂ ಬಟ್ಟಿ ಬಿದ್ದೈತಿ. ಊರು ಖಾಲಿ."

ಸರ್ ಫೋನಿನಲ್ಲೇ ಇದ್ದರು. "ಖಾಲಿ ಅಂತ ತಾಲ್ಲೂಕಿಗೆ ತಿಳಸ್ಲೇನ್ರಿ ಮೇಡಂ?"

"ತಿಳಸ್ರಿ" ಎಂದೆ. ನಾನೇ ಹೇಳಿದೆ.

ಅವ್ವ ಟ್ರಾಲಿಯಿಂದ ಇಳಿದು ನನ್ನ ಹಿಂದೆ ಮುಂದೆ ನೋಡಿದಳು. "ರಾಜಿ ಎಲ್ಲಿ?"

"ನಿನ್ನ ಕೂಡ ಇಲ್ಲೇನು?"

"ನಿನ್ನ ಕೂಡ ಮೊದಲ ಬಂದಾಳಂತ ತಿಳದಿದ್ನೆಲ್ಲ."

ಲಾಡಬಿ ಹಳ್ಳದ ಕಡೆ ಕೈ ತೋರಿಸಿದಳು. "ಯಾ ಅಲ್ಲಾ, ನನ್ನ ಮಗಳು. ಊಟ ಆದಮ್ಯಾಲ ಒಂದಷ್ಟು ಮಂದಿ ಜೋಕಾಲಿಗೆ ಹೋದ್ರಲ್ಲ."

ಹುಣಸಿಮರ ಹಳ್ಳದ ಆಚೆ. ಅಲ್ಲಿ ಮನೆಗಳಿಲ್ಲ ಎಂದು ಧ್ವನಿವರ್ಧಕವನ್ನು ಊರ ಕಡೆ ಮುಖ ಮಾಡಿ ಕಟ್ಟಿದ್ದೆವು. ಬಟ್ಟೆ ಕಟ್ಟಿದವರು ತಮ್ಮ ಮನೆಯವರನ್ನು ಎಣಿಸಿದ್ದರು. ಹೆಣ್ಣುಮಕ್ಕಳನ್ನು ಯಾರ ಮನೆಯವರೂ ಎಣಿಸಿರಲಿಲ್ಲ. ಅವರ ಲೆಕ್ಕ ಅವರವರ ಗಂಡನ ಊರಿನಲ್ಲಿ. ಹಬ್ಬಕ್ಕೆ ಬಂದವರು, ಇನ್ಯಾರೋ ಕರೆತಂದಿರುತ್ತಾರೆ ಎಂದುಕೊಂಡಿದ್ದರು. 2019ರಲ್ಲೂ ನಾನು ಪಂಚಮಿಗೇ ಬಂದಿದ್ದೆ. ಆದರೂ ಇಡೀ ಗೋಡೆ ತುಂಬ ಬರೆಯುವಾಗ ಇದೊಂದು ಹೊಳೆಯಲಿಲ್ಲ. ನನ್ನ ಮಗಳು ಈ ಊರಿಗೆ ಬರುವುದೇ ಇಲ್ಲ ಎಂದು ತೀರ್ಮಾನಿಸಿದ್ದೆನಲ್ಲ.

ಕನಕಪ್ಪ ಟ್ರ್ಯಾಕ್ಟರ್ ತಿರುಗಿಸಿದ. "ನೀ ಬ್ಯಾಡ ತಂಗೀ, ನಿನಗ ನೀರಂದ್ರ..." ಎನ್ನುವಷ್ಟರಲ್ಲಿ ನಾನು ಟ್ರಾಲಿಯಲ್ಲಿದ್ದೆ. ಹತ್ತಿದ್ದು ನೆನಪಿಲ್ಲ. ಲಾಡಬಿ, ಅಣ್ಣ ಕೂಡ ಹತ್ತಿದರು.

ಓಣಿಯಲ್ಲಿ ನೀರು ಗಾಲಿ ಅರ್ಧ ಮುಳುಗುವಷ್ಟಿತ್ತು. ಎರಡೂ ಕಡೆ ಬಾಗಿಲುಗಳಲ್ಲಿ ಇಳಕಲ್ಲಿನ ಕೆಂಪು ಬಟ್ಟೆ ಹಾರುತ್ತಿದ್ದವು. ಒಂದೊಂದೂ ಸುಳ್ಳು ಹೇಳುತ್ತಿತ್ತು.

ಹಳ್ಳದ ಬಳಿ ಟ್ರ್ಯಾಕ್ಟರು ನಿಂತಿತು. ಬೆಳಿಗ್ಗೆ ಕಲ್ಲಿನ ಮೇಲೆ ಕಾಲಿಟ್ಟು ದಾಟಿದ ಹಳ್ಳ ಅದು. ಈಗ ಹೊಳೆಯ ನೀರು ಹಿಂದಕ್ಕೆ ಒತ್ತಿ ಅಗಲವಾಗಿ ನಿಂತಿತ್ತು. ಹರಿಯುತ್ತಿರಲಿಲ್ಲ. ಏರುತ್ತಿತ್ತು, ಸದ್ದೇ ಇಲ್ಲದೆ. ಆಚೆ ದಿನ್ನೆಯ ಮೇಲೆ ಹುಣಸಿಮರ, ಅದರ ಬುಡದಲ್ಲಿ ಗುಂಪು. ಹೊಸ ಸೀರೆಗಳು, ಮಕ್ಕಳು. ದಿನ್ನೆ ಆಗಲೇ ಸಣ್ಣದಾಗಿತ್ತು. ರಾಜಶ್ರೀಯ ಹಳದಿ ಲಂಗ ಕಂಡಿತು.

"ಮಮ್ಮೀ!" ಎಂದಳು. ಆ ಧ್ವನಿಯನ್ನು ಬರೆಯಲು ಬರುವುದಿಲ್ಲ.

ಅವರು ಅಳುತ್ತ ಕೂತಿರಲಿಲ್ಲ. ಎರಡೂ ಜೋಕಾಲಿ ಬಿಚ್ಚಿ ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿದ್ದರು. ಒಂದು ತುದಿ ಮರಕ್ಕೆ. ಇನ್ನೊಂದು ತುದಿಗೆ ಲಾಡಬಿಯ ಮಗಳು ಉಂಡಿಯ ಸ್ಟೀಲ್ ಡಬ್ಬಿ ಕಟ್ಟಿ ಎಸೆದಳು. ಎರಡು ಸಲ ನೀರಿಗೆ ಬಿತ್ತು, ತೇಲಿತು, ಎಳೆದುಕೊಂಡಳು. ಮೂರನೆಯ ಸಲ ಅಣ್ಣ ಎದೆಮಟ್ಟದ ನೀರಿಗೆ ಹೋಗಿ ಹಿಡಿದ. ಕನಕಪ್ಪ ಹಗ್ಗವನ್ನು ಟ್ರ್ಯಾಕ್ಟರಿಗೆ ಬಿಗಿದ.

ಟ್ರಾಲಿಯಲ್ಲಿ ಟ್ಯೂಬು ಇತ್ತು. ಎಮ್ಮೆಯ ಹಗ್ಗವೂ ಇತ್ತು, ಅವ್ವ ಎಮ್ಮೆಯನ್ನು ಬಿಚ್ಚಿಬಿಟ್ಟು ಹಗ್ಗ ಮಾತ್ರ ತಂದು ಅಲ್ಲೇ ಬಿಟ್ಟಿದ್ದಳು. ಅಣ್ಣ ಅದರ ಒಂದು ತುದಿಯನ್ನು ಟ್ಯೂಬಿಗೆ ಕಟ್ಟಿ, ಇನ್ನೊಂದನ್ನು ನಮ್ಮ ಕೈಗೆ ಕೊಟ್ಟು, ಜೋಕಾಲಿ ಹಗ್ಗ ಹಿಡಿದು ಟ್ಯೂಬನ್ನು ಆಚೆಗೆ ಒಯ್ದ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಕಳಿಸಿದ, ನಾವು ಈಚೆಯಿಂದ ಎಳೆದೆವು. ಟ್ಯೂಬು ಖಾಲಿಯಾದಾಗಲೆಲ್ಲ ಅವನೇ ಬಂದು ಒಯ್ಯುತ್ತಿದ್ದ. ರಾಜಶ್ರೀ ಮೊದಲ ಸಲ ಬರಲಿಲ್ಲ, ಎರಡನೆಯ ಸಲವೂ ಇಲ್ಲ. ತನಗಿಂತ ಚಿಕ್ಕವರನ್ನು ಮುಂದೆ ದೂಡುತ್ತಿದ್ದಳು. ಕೂಗಿ ಬೈದೆ.

ಅವಳು ಹತ್ತಿದ್ದು ಲಾಡಬಿಯ ಮಗಳ ಜೊತೆ, ಮಡಿಲಲ್ಲಿ ಆ ಕೂಸು. ನಟ್ಟ ನಡುವೆ ಟ್ಯೂಬು ನಿಂತುಬಿಟ್ಟಿತು. ಎಳೆದರೆ ಬರಲಿಲ್ಲ. ನೀರಿನೊಳಗೆ ಮುಳುಗಿದ ಜಾಲಿ ಕಂಟಿ, ಅದರ ಟೊಂಗೆ ನಾವು ಎಳೆಯುತ್ತಿದ್ದ ಹಗ್ಗವನ್ನು ಹಿಡಿದಿತ್ತು.

"ಎಳೀಬ್ಯಾಡ್ರಿ!" ಎಂದು ಕನಕಪ್ಪ ಚೀರಿದ. "ಮುಳ್ಳು ಚುಚ್ಚಿದ್ರ ಟ್ಯೂಬ ಒಡೀತೈತಿ."

ಅಣ್ಣ ಆಚೆ ದಡದಲ್ಲಿದ್ದ. ಕನಕಪ್ಪ ಟ್ರ್ಯಾಕ್ಟರ್ ಬಿಡುವಂತಿರಲಿಲ್ಲ. ಯಾರಾದರೂ ಇಳಿದು ಬಿಡಿಸಬೇಕಿತ್ತು. ಜೋಕಾಲಿ ಹಗ್ಗ ಹಿಡಿದು ನಾನೇ ಇಳಿದೆ, ಬಿಡಿಸಿದೆ. ನೀರು ತಣ್ಣಗಿತ್ತು.

ಉಳಿದವರನ್ನೂ ದಾಟಿಸಿಕೊಂಡು ವಾಪಸು ಬರುವಾಗ ಕಂಬಗಳ ಮೇಲರ್ಧ ಮಾತ್ರ ಕಾಣುತ್ತಿತ್ತು. ಆಮೇಲೆ ಟ್ರಾಲಿಯಲ್ಲಿ ರಾಜಶ್ರೀ ಲಂಗದ ಉಡಿ ಬಿಚ್ಚಿ ತೋರಿಸಿದಳು. "ಡಬ್ಬಿ ಬೇಕಿತ್ತಲ್ಲ, ಅದಕ್ಕ ಉಂಡಿ ಎಲ್ಲಾ ನಾನ ಇಟ್ಕೊಂಡೆ. ಆದ್ರ ತೊಯ್ದಾವು." ಎಳ್ಳು, ಬೆಲ್ಲ, ಹಳ್ಳದ ನೀರು ಕಲಸಿಕೊಂಡಿದ್ದವು. ಕನಕಪ್ಪ ಕೈ ಹಿಂದೆ ಮಾಡಿ ಒಂದು ಇಸಿದುಕೊಂಡು ಬಾಯಿಗೆ ಹಾಕಿಕೊಂಡ. ಅವನ ಭುಜ ಅಲುಗುತ್ತಿತ್ತು.

ಸಂಜೆ ಹೊಳೆ ಕೆಳಗಿನ ಓಣಿಯನ್ನು ಪೂರ್ತಿ ತೆಗೆದುಕೊಂಡಿತು. ಹುಣಸಿಮರದ ದಿನ್ನೆ ಮುಳುಗಿತು. ಜನ ಎಲ್ಲ ಇಲ್ಲಿದ್ದಾರೆ. ತಿಳಸ್ರಿ ಎಂದು ನಾನು ಹೇಳಿದ್ದು ಮಾತ್ರ ಕಿವಿಯಲ್ಲಿ ಉಳಿದಿದೆ. ಅವ್ವ ಒಂದು ಕ್ಷಣ ತಡವಾಗಿ ಕೇಳಿದ್ದರೆ?

ಬರೆಯುವುದನ್ನು ಇಲ್ಲಿಗೆ ನಿಲ್ಲಿಸುತ್ತೇನೆ.

ಆಗಸ್ಟ್ 2

ನೀರು ಇಳಿಯುತ್ತಿದೆ. ಊರಿನಿಂದ ಕೆಸರಿನ ವಾಸನೆ ದಿಬ್ಬದ ತನಕ ಬರುತ್ತದೆ. ನಮ್ಮ ಮನೆಯ ಹಿತ್ತಿಲ ಗೋಡೆ ಹೋಗಿದೆ. ದನಗಳನ್ನು ಬಿಚ್ಚಿಬಿಟ್ಟಿದ್ದರಿಂದ ಹೆಚ್ಚಿನವು ಬದುಕಿವೆ. ಅವ್ವನ ಎಮ್ಮೆ ಯಾರದೋ ಕಬ್ಬಿನಲ್ಲಿ ಸಿಕ್ಕಿತು, ಹೊಟ್ಟೆ ತುಂಬಿಸಿಕೊಂಡು. ಅವ್ವ ತುಳಸಿಗೇರಿ ಹನುಮಪ್ಪನಿಗೆ ಕಾಯಿ ಬೇಡಿಕೊಂಡಿದ್ದಳಂತೆ, ಎಮ್ಮೆಗೋ ಮೊಮ್ಮಗಳಿಗೋ ಹೇಳಲಿಲ್ಲ.

ಕೂಡಿಟ್ಟ ಕಟಿ ರೊಟ್ಟಿಯೇ ಆಧಾರ. ಇಂದು ಲಾಡಬಿ ಹಂಚುತ್ತಿದ್ದಳು, ನಾನು ಪಕ್ಕದಲ್ಲಿದ್ದೆ. ಒಬ್ಬೊಬ್ಬ ಹೆಂಗಸಿಗೂ ಅವಳು ಕೇಳಿದಳು: "ಎಷ್ಟು ಮಂದಿ ಉಣ್ಣೋರದೀರಿ?" ಅವರು ಯೋಚಿಸದೆ ಹೇಳಿದರು. ಮಗಳು, ಮಗಳ ಮಕ್ಕಳು, ನಾದಿನಿ, ಹಬ್ಬಕ್ಕೆ ಬಂದ ಅಳಿಯ. ಒಬ್ಬರನ್ನೂ ಬಿಡಲಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಇದೇ ಹೆಂಗಸರು. ಇದೇ ಲಾಡಬಿ. ಜುಲೈಯಲ್ಲಿ ಕೇಳಿದ್ದು "ಮನ್ಯಾಗ ಎಷ್ಟು ಮಂದಿ ಅದೀರಿ" ಎಂದು.

"ಅಕ್ಕಾರ," ಎಂದಳು ಲಾಡಬಿ, "ನಾ ನನ್ನ ಮನೀದೂ ಹಂಗ ಬರಸಿದ್ನಿ. ಹೆತ್ತ ಮಗಳ್ನ ಬಿಟ್ಟು."

ರೊಟ್ಟಿ ಬುಟ್ಟಿಯ ಮೇಲೆ ಬಗ್ಗಿ ಅತ್ತಳು. ಹಂಚುವ ಕೆಲಸ ನಾನು ಮುಂದುವರಿಸಿದೆ.

ಆಗಸ್ಟ್ 17

ರಾಜಶ್ರೀಗೆ ಕಿಟಕಿಯ ಸೀಟೇ ಬೇಕಂತೆ. ಸೇತುವೆಯ ಮೇಲೆ ಬಸ್ಸು ಹೋಗುವಾಗ ಗುರುತಿನ ಯಂತ್ರ ಎಲ್ಲಿದೆ ಎಂದು ಕೇಳಿದಳು, ಬಗ್ಗಿ ತೋರಿಸಿದೆ. ಅದರ ಡಬ್ಬಿ ವಾಲಿದೆ. ಸರ್‌ಗೆ ಹೇಳಬೇಕು.

ಈ ಸಲ ಸಭೆ ಮುತ್ತಲಹಾಳದ ಸಾಲೆಯಲ್ಲೇ. ಶಿರೀಷ ಸರ್ ಹಳೆಯ ಚೀಟಿಗಳನ್ನೆಲ್ಲ ತಂದು ಗೋಡೆಗೆ ಹಚ್ಚಿದ್ದರು. ನಾನು ಒಂದು ಹೊಸ ಚೀಟಿ ಬರೆದು ಎಲ್ಲದರ ಮೇಲೆ ಅಂಟಿಸಿದೆ. "ನನ್ನ ಮಗಳು ಊರಿನಲ್ಲಿರುವಾಗ ಹೊಳೆ ಬಂದರೆ." ಕನಕಪ್ಪ ಹತ್ತಿರ ಹೋಗಿ ಓದಿದ. ಚೇಷ್ಟೆ ಮಾಡಲಿಲ್ಲ. ಪೆನ್ನು ಇಸಿದುಕೊಂಡು ಕೆಳಗೆ ತನ್ನ ಮಗಳ ಹೆಸರು ಬರೆದ. ಆಮೇಲೆ ಅಣ್ಣ ನನ್ನ ಹೆಸರು ಬರೆದ. ಪೆನ್ನು ಕೈಯಿಂದ ಕೈಗೆ ಹೋಯಿತು.

ಇನ್ನು ಮುಂದೆ ಬಾಗಿಲ ಬಟ್ಟೆಯನ್ನು ಮನೆಯ ಯಜಮಾನ ಕಟ್ಟುವಂತಿಲ್ಲ. ಅಂದು ರೊಟ್ಟಿ ಬಡಿದವಳು ಕಟ್ಟಬೇಕು. ಯಾರ್ಯಾರಿಗೆ ಬಡಿದಳೋ ಅವರೆಲ್ಲ ಕಣ್ಣೆದುರು ಇದ್ದರೆ ಮಾತ್ರ. ಇನ್ನೊಂದು ಧ್ವನಿವರ್ಧಕ ಹಳ್ಳದ ಕಡೆಗೆ. ಹಳ್ಳಕ್ಕೆ ಕಾಯಂ ತಂತಿಹಗ್ಗ.

ಮುಂದಿನ ತಾಲೀಮು ಯಾವಾಗ ಎಂದು ಸರ್ ಕೇಳಿದರು. ಜೂನ್ ಎಂದರು ಹಲವರು. "ಪಂಚಮಿ ದಿನ. ಊಟ ಆದ ಮೇಲೆ" ಎಂದೆ.

"ಹಬ್ಬದ ದಿನ ಹೆಣ್ಣುಮಕ್ಕಳು ಬೈತಾರ್ರಿ ಮೇಡಂ" ಎಂದರು ಸರ್.

"ಬೈಲಿ. ಬೈಯೋರು ಎಲ್ಲಾರೂ ಊರಾಗ ಇರ್ತಾರಲ್ಲ."

ಸಭೆ ಮುಗಿದ ಮೇಲೆ ಮಕ್ಕಳು ಹುಣಸಿಮರಕ್ಕೆ ಎಳೆದೊಯ್ದರು. ಹಗ್ಗ ಅಲ್ಲೇ ಮರಕ್ಕೆ ಸುತ್ತಿಕೊಂಡು ಉಳಿದಿತ್ತಂತೆ, ಅಣ್ಣ ತೊಳೆದು, ಒಣಗಿಸಿ, ಮತ್ತೆ ಜೋಕಾಲಿ ಕಟ್ಟಿದ್ದಾನೆ. ಅರ್ಧಕ್ಕೆ ನಿಂತ ಪಂಚಮಿ ಮುಗಿಸಬೇಕಂತೆ. ಮಕ್ಕಳ ಸರದಿ ಆಯಿತು, ಲಾಡಬಿಯ ಮಗಳದ್ದಾಯಿತು. ಅವ್ವ ನನ್ನ ಕಡೆ ನೋಡಿ, "ನೀನೂ ಈ ಊರ ಮಗಳ ಹೌದಲ್ಲೋ? ಕೂಡು" ಎಂದಳು.

ಕೂತೆ. ರಾಜಶ್ರೀ ಹಿಂದಿನಿಂದ ನೂಕಿದಳು. ಹಗ್ಗ ಗಟ್ಟಿಯಾಗಿದೆ, ಗಂಟಿದ್ದ ಕಡೆ ಸ್ವಲ್ಪ ಒರಟು. ಮೇಲೆ ಹೋದಾಗ ನಮ್ಮ ಮನೆಯ ಮಾಳಿಗೆ ಕಾಣುತ್ತದೆ, ಅದರಾಚೆ ಹೊಳೆ. ಕೆಳಗೆ ಬಂದಾಗ ಹುಣಸೆಯ ನೆರಳು.

"ಸಾಕೇನ್ ಮಮ್ಮಿ?" ಎಂದಳು.

ಇನ್ನೂ ಜೋರು ನೂಕು ಎಂದೆ.